ಮೂರನೆಯವನು ಯಾರು? ಸ್ಕ್ವಾಷ್ ತಂಡ ಪಂದ್ಯಗಳ ಬಗ್ಗೆ ಒಂದು ತಕರಾರು

ಗೋಡೆಚೆಂಡು:
ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಪುರುಷರ ತಂಡ ಫೈನಲ್‌ ಅನ್ನು ಮೊನ್ನೆ ರಾತ್ರಿ ಪೂರ್ತಿ ನೋಡಿ ಮುಗಿಸಿದೆ. 2023ರ ಸೆಪ್ಟೆಂಬರ್ 30, ಭಾರತ–ಪಾಕಿಸ್ತಾನ. ಭಾರತ 2-1ರಲ್ಲಿ ಗೆದ್ದಿದ್ದು ಗೊತ್ತಿತ್ತು, ಆಟ ನೋಡಿರಲಿಲ್ಲ. ಮೊದಲು ಮಹೇಶ್ ಮಂಗಾಂವ್ಕರ್ ನಾಸಿರ್ ಇಕ್ಬಾಲ್‌ಗೆ 0-3ರಲ್ಲಿ ಸೋತರು. ಆಮೇಲೆ ಸೌರವ್ ಘೋಷಾಲ್ ಬಂದು ಆಸಿಮ್ ಖಾನ್‌ರನ್ನು 3-0 ಸೋಲಿಸಿದರು, ಎರಡನೇ ಗೇಮ್ ಅಂತೂ 11-1. ಕೊನೆಗೆ ಅಭಯ್ ಸಿಂಗ್, ನೂರ್ ಜಮಾನ್. ಮೊದಲ ಗೇಮ್ ಅಭಯ್‌ಗೆ, ಮುಂದಿನ ಎರಡು ನೂರ್‌ಗೆ, ನಾಲ್ಕನೆಯದು ಮತ್ತೆ ಅಭಯ್‌ಗೆ. ಐದನೆಯದರಲ್ಲಿ 8-10. ಅಂದರೆ ಪಾಕಿಸ್ತಾನಕ್ಕೆ ಚಿನ್ನ ಒಂದೇ ಪಾಯಿಂಟ್ ದೂರ, ಅದೂ ಎರಡು ಅವಕಾಶ. ಅಲ್ಲಿಂದ ನಾಲ್ಕು ಪಾಯಿಂಟ್ ಸತತವಾಗಿ ಹೊಡೆದು 12-10. ರಾಕೆಟ್ ಗಾಳಿಗೆ ಹಾರಿತು.

ನನ್ನ ಪ್ರಶ್ನೆ ಇದು. ನಮ್ಮ ಅತ್ಯುತ್ತಮ ಆಟಗಾರನನ್ನು ಮಧ್ಯದಲ್ಲಿ ಯಾಕೆ ಇಳಿಸಿದ್ದು? ಘೋಷಾಲ್‌ರನ್ನು ಕೊನೆಗೆ ಉಳಿಸಿಕೊಂಡಿದ್ದರೆ ಇಷ್ಟು ಎದೆ ಹೊಡೆದುಕೊಳ್ಳುವ ಪರಿಸ್ಥಿತಿ ಬರುತ್ತಲೇ ಇರಲಿಲ್ಲ ಅಲ್ಲವಾ? ಕೋಚ್ ಲೆಕ್ಕಾಚಾರ ಏನು?

ಹಾಕಿಭಕ್ತ:
ಅವತ್ತು ಸ್ಕ್ವಾಷ್ ನೋಡಿದವರು ಯಾರು ಗುರು. ಅದೇ ದಿನ ಅದೇ ಊರಲ್ಲಿ ಹಾಕಿಯಲ್ಲಿ ಪಾಕಿಸ್ತಾನಕ್ಕೆ 10-2 ಕೊಟ್ಟಿದ್ದೆವು. ನಿನ್ನ 12-10 ಆ ಗದ್ದಲದಲ್ಲಿ ಎಲ್ಲಿ ಕೇಳಬೇಕು.

ಲೆಟ್ ಪ್ಲೀಸ್:
ಗೋಡೆಚೆಂಡು, ಇದರಲ್ಲಿ ಕೋಚ್ ಕೈವಾಡ ನೀವು ಅಂದುಕೊಂಡಷ್ಟು ಇರುವುದಿಲ್ಲ. ನಾನು ರೆಫ್ರಿ, ಸಣ್ಣ ಮಟ್ಟದ್ದೇ. ತಂಡ ಪಂದ್ಯಗಳ ಹಾಳೆ ತುಂಬಿಸಿ ತುಂಬಿಸಿ ಕೈ ಸವೆದಿದೆ. ಸಾಮಾನ್ಯವಾಗಿ ನಡೆಯುವುದು ಹೀಗೆ: ತಂಡದಲ್ಲಿ ನಾಲ್ವರು. ಟೂರ್ನಿ ಶುರುವಾಗುವ ಮೊದಲೇ ಅವರನ್ನು ಬಲಾಬಲದ ಕ್ರಮದಲ್ಲಿ ಒಂದರಿಂದ ನಾಲ್ಕರವರೆಗೆ ಬರೆದುಕೊಡಬೇಕು. ಪ್ರತಿ ಟೈನಲ್ಲಿ, ಅಂದರೆ ಎರಡು ತಂಡಗಳ ಮುಖಾಮುಖಿಯಲ್ಲಿ, ಅವರಲ್ಲಿ ಮೂವರು ಆಡುತ್ತಾರೆ. ಯಾರನ್ನು ಕೂರಿಸಬೇಕು ಅನ್ನುವುದು ತಂಡದ ಇಷ್ಟ, ಆದರೆ ಉಳಿದ ಮೂವರ ಹಿಂದುಮುಂದು ಬದಲಿಸುವ ಹಾಗಿಲ್ಲ. ನಮ್ಮ ಒಂದನೆಯವನು ಅವರ ಒಂದನೆಯವನನ್ನೇ ಎದುರಿಸಬೇಕು, ಎರಡನೆಯವನು ಎರಡನೆಯವನನ್ನು, ಮೂರನೆಯವನು ಮೂರನೆಯವನನ್ನು.

ಇನ್ನು ಈ ಮೂರು ಪಂದ್ಯಗಳಲ್ಲಿ ಯಾವುದು ಮೊದಲು ಯಾವುದು ಕೊನೆ ಅನ್ನುವುದನ್ನು ಹೇಳುವವರು ಸಂಘಟಕರು. ಒಂದು ದಿನ 3-1-2, ಇನ್ನೊಂದು ದಿನ 2-1-3, ಹೀಗೆ. ಯಾವಾಗಲೂ 1-2-3 ಆಡಿಸಿದರೆ ಮೂರನೆಯವರ ಪಂದ್ಯಕ್ಕೆ ಬೆಲೆಯೇ ಇಲ್ಲದ ದಿನಗಳು ಜಾಸ್ತಿಯಾಗುತ್ತವೆ, 3-2-1 ಮಾಡಿದರೆ ಒಂದನೆಯವರದು ಹಾಗಾಗುತ್ತದೆ. ಹಾಗಾಗಿ ಅದಲುಬದಲು.

ಗೋಡೆಚೆಂಡು:
ಮೇಡಂ, ಹಾಗಾದರೆ ನಮ್ಮ ಬಲಿಷ್ಠ ಆಟಗಾರನನ್ನು 'ಮೂರನೆಯವನು' ಅಂತ ಬರೆದುಕೊಟ್ಟು ಅವರ ದುರ್ಬಲನ ಮೇಲೆ ಬಿಟ್ಟರೆ ಆಯಿತಲ್ಲ?

ಲೆಟ್ ಪ್ಲೀಸ್:
ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಅದಕ್ಕೇ ಆ ನಿಯಮ ಇರುವುದು. ವಿಶ್ವ ರ್‍ಯಾಂಕಿಂಗ್ ಕಣ್ಣೆದುರೇ ಇರುತ್ತದೆ, ಅದಕ್ಕೆ ತೀರಾ ಉಲ್ಟಾ ಪಟ್ಟಿ ಕೊಟ್ಟರೆ ಒಪ್ಪುವುದಿಲ್ಲ. ಇಬ್ಬರ ರ್‍ಯಾಂಕ್ ಹತ್ತಿರ ಹತ್ತಿರ ಇದ್ದಾಗ ಮಾತ್ರ ಸ್ವಲ್ಪ ಜಾಗ ಸಿಗುತ್ತದೆ. ಒಮ್ಮೆ ನಾನೇ ನಡೆಸಿಕೊಟ್ಟ ಲೀಗ್‌ನಲ್ಲಿ ಒಂದು ತಂಡದವರು 'ಇವನಿಗೆ ಮೊಣಕಾಲು ನೋವು, ಅದಕ್ಕೆ ಮೂರನೇ ಸ್ಥಾನಕ್ಕೆ ಹಾಕಿದ್ದೇವೆ' ಅಂದರು. ಮೊಣಕಾಲು ನೋವಿನವನು ಮೂರು ಗೇಮ್‌ನಲ್ಲಿ ಎದುರಾಳಿಗೆ ಕೊಟ್ಟಿದ್ದು ಒಟ್ಟು ನಾಲ್ಕು ಪಾಯಿಂಟ್. ಎದುರು ತಂಡದವರು ನನ್ನ ಮುಖ ನೋಡಿದ ರೀತಿ ಇವತ್ತಿಗೂ ಮರೆತಿಲ್ಲ.

ಹಳೇ ರಾಕೆಟ್:
ಮೇಡಂ ನಿಯಮ ಚೆನ್ನಾಗಿ ಬಿಡಿಸಿ ಹೇಳಿದರು. ನಾನು ಅದರ ಫಲ ಏನು ಅಂತ ಹೇಳುತ್ತೇನೆ. ಈ ಪದ್ಧತಿಯಿಂದಾಗಿ ಸ್ಕ್ವಾಷ್ ತಂಡದ ತೂಕ ಗೊತ್ತಾಗುವುದು ಮೂರನೆಯವನನ್ನು ನೋಡಿದಾಗ. ಒಂದನೆಯವನು ಎಷ್ಟೇ ದೊಡ್ಡವನಿರಲಿ, ಅವನಿಂದ ಬರುವುದು ಒಂದು ಪಂದ್ಯ. ಎರಡನೇ ಪಂದ್ಯ ಯಾರೋ ತರಬೇಕು.

ಪಾಕಿಸ್ತಾನವನ್ನೇ ನೋಡಿ. 1987ರಿಂದ 1990ರವರೆಗೆ ವರ್ಲ್ಡ್ ಓಪನ್, ಅಂದರೆ ಒಂಟಿ ಆಟದ ವಿಶ್ವ ಪ್ರಶಸ್ತಿ, ನಾಲ್ಕು ವರ್ಷವೂ ಜಹಾಂಗೀರ್ ಖಾನ್ ಮತ್ತು ಜಾನ್‌ಶೇರ್ ಖಾನ್ ಇಬ್ಬರಲ್ಲೇ ಹಂಚಿಕೆಯಾಯಿತು. ಬೇರೆ ಯಾವ ದೇಶದವನಿಗೂ ಸಿಗಲಿಲ್ಲ. ಆದರೆ ಅದೇ ಅವಧಿಯಲ್ಲಿ, 1989ರಲ್ಲಿ, ಸಿಂಗಪುರದಲ್ಲಿ ನಡೆದ ವಿಶ್ವ ತಂಡ ಚಾಂಪಿಯನ್‌ಷಿಪ್ ಗೆದ್ದವರು ಯಾರು? ಆಸ್ಟ್ರೇಲಿಯಾ. 1991ರಲ್ಲಿ ಹೆಲ್ಸಿಂಕಿಯಲ್ಲೂ ಆಸ್ಟ್ರೇಲಿಯಾ. ಕ್ರಿಸ್ ಡಿಟ್ಮಾರ್, ರಾಡ್ನಿ ಮಾರ್ಟಿನ್, ಅವರ ಅಣ್ಣ ಬ್ರೆಟ್, ಕ್ರಿಸ್ ರಾಬರ್ಟ್‌ಸನ್ ಇವರೆಲ್ಲ ಒಂದೇ ಕಾಲದಲ್ಲಿ ಆಡುತ್ತಿದ್ದ ದೇಶ ಅದು. ಯಾರನ್ನು ಕೂರಿಸಿದರೂ ಉಳಿದ ಮೂವರು ಭಯ ಹುಟ್ಟಿಸುವವರೇ.

ಮೂಲೆಲೆಂಗ್ತ್:
ಸರ್, ಅರ್ಧ ಕಥೆ ಹೇಳಿದಿರಿ. ಅದೇ ಪಾಕಿಸ್ತಾನ 1981, 83, 85, 87 ಸತತ ನಾಲ್ಕು ಸಲ ಗೆದ್ದಿದೆಯಲ್ಲ. ಜಹಾಂಗೀರ್ ಐದು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಸೋಲದೆ ಆಡಿದ್ದು ಆಗಲೇ, 1986ರಲ್ಲಿ ರಾಸ್ ನಾರ್ಮನ್ ಸೋಲಿಸುವ ತನಕ. ಒಂದು ಪಂದ್ಯ ಜೇಬಿನಲ್ಲಿಟ್ಟುಕೊಂಡೇ ಟೈಗೆ ಬರುವ ತಂಡ ಅದು. ಉಳಿದಿಬ್ಬರಲ್ಲಿ ಒಬ್ಬ ಗೆದ್ದರೆ ಸಾಕು. ಎದುರಿನವರಿಗೆ ಎರಡಕ್ಕೆ ಎರಡೂ ಬೇಕು. ತಾರೆ ಇದ್ದರೆ ಲೆಕ್ಕವೇ ಬೇರೆ.

ಹಳೇ ರಾಕೆಟ್:
ಒಪ್ಪಿದೆ. ಆದರೆ ಆ ಕಾಲದ ಪಾಕಿಸ್ತಾನದಲ್ಲಿ ಜಹಾಂಗೀರ್ ಒಬ್ಬರೇ ಇದ್ದರಾ? ಕಮರ್ ಜಮಾನ್ ಇದ್ದರು. (ಅಂದಹಾಗೆ ಅಭಯ್ ಎದುರು ಆಡಿದ ನೂರ್ ಜಮಾನ್ ಇವರ ಮೊಮ್ಮಗ.) ತಾರೆಯ ಹಿಂದೆ ಇನ್ನಿಬ್ಬರು ನಿಂತಿದ್ದ ದಿನಗಳಲ್ಲಿ ಗೆದ್ದರು ಅಂತ ನಾನು ಓದಿಕೊಳ್ಳುತ್ತೇನೆ.

ಕೆನಡಾ ತಗೊಳ್ಳಿ. 1997ರಲ್ಲಿ ಮಲೇಷ್ಯಾದಲ್ಲಿ ನಡೆದ ವಿಶ್ವ ತಂಡ ಚಾಂಪಿಯನ್‌ಷಿಪ್‌ನ ಫೈನಲ್‌ಗೆ ಬಂದಿತ್ತು, ಜೊನಾಥನ್ ಪವರ್ ಇದ್ದರು, ಮುಂದಿನ ವರ್ಷವೇ ವರ್ಲ್ಡ್ ಓಪನ್ ಗೆದ್ದವರು. ಚೆಂಡನ್ನು ಎಲ್ಲಿಗೆ ಹೊಡೆಯುತ್ತಾರೆ ಅಂತ ಚೆಂಡಿಗೇ ಗೊತ್ತಿರುತ್ತಿರಲಿಲ್ಲ. ಟ್ರೋಫಿ ಮಾತ್ರ ಇಂಗ್ಲೆಂಡ್ ಒಯ್ದಿತು.

ಹಾಕಿಭಕ್ತ:
ನನಗೊಂದು ಸಂಶಯ. ಇದನ್ನು 'ತಂಡ' ಅಂತ ಕರೆಯುವುದೇ ತಪ್ಪಲ್ಲವಾ? ಹಾಕಿಯಲ್ಲಿ ಒಬ್ಬ ಪಾಸ್ ಕೊಡುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ. ಇಲ್ಲಿ ಮೂವರು ಬೇರೆ ಬೇರೆ ಹೊತ್ತಿಗೆ ಗಾಜಿನ ಪೆಟ್ಟಿಗೆಯೊಳಗೆ ಹೋಗಿ ಒಬ್ಬೊಬ್ಬರೇ ಬಡಿದಾಡಿ ಬರುತ್ತಾರೆ. ಮೂರು ಜನರ ಅಂಕಪಟ್ಟಿ ಒಟ್ಟು ಕೂಡಿಸಿದರೆ ತಂಡವಾಯಿತಾ?

ಮೂಲೆಲೆಂಗ್ತ್:
ಆಡಿ ನೋಡಿದ ಮೇಲೆ ಈ ಮಾತು ಹೇಳಬೇಕು ನೀವು. ನಾನು ಕಾಲೇಜು ತಂಡದ ಮೂರನೆಯವನಾಗಿದ್ದವನು. ಒಂಟಿ ಟೂರ್ನಿಯಲ್ಲಿ ಸೋತರೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟುಬಿಡಬಹುದು. ತಂಡದಲ್ಲಿ 1-1 ಆಗಿ ನಿಮ್ಮ ಸರದಿ ಬಂದಾಗ, ಬೆವರು ಒರೆಸಿಕೊಳ್ಳುತ್ತಾ ಇಬ್ಬರು ಗಾಜಿನ ಆಚೆ ಕೂತಿರುತ್ತಾರೆ. ಒಬ್ಬ ಗೆದ್ದು ಬಂದವನು, ಅವನ ಗೆಲುವು ಈಗ ನಿಮ್ಮ ಕೈಯಲ್ಲಿ. ಇನ್ನೊಬ್ಬ ಸೋತು ಬಂದವನು, ಅವನ ಮಾನವೂ ನಿಮ್ಮ ಕೈಯಲ್ಲೇ. ಮೊದಲ ಎರಡು ಮೂರು ರ್‍ಯಾಲಿ ತೋಳು ನನ್ನದಲ್ಲವೇನೋ ಅನ್ನಿಸುತ್ತದೆ. ಗೋಡೆಗೆ ಅಂಟಿಸಿ ಹೊಡೆಯಬೇಕಾದ ಚೆಂಡು ಕೋರ್ಟ್ ಮಧ್ಯಕ್ಕೆ ಬರುತ್ತದೆ. ಮೆಲ್ಲಗೆ ಡ್ರಾಪ್ ಹಾಕಲು ಹೋದರೆ ಮುಂದಿನ ಗೋಡೆಯ ಬುಡದ ಟಿನ್‌ಗೆ ಬಡಿಯುತ್ತದೆ, ಆ ತಗಡಿನ ಸದ್ದು ಇಡೀ ಹಾಲ್‌ಗೆ ಕೇಳುತ್ತದೆ.

ಅಭಯ್ 8-10ರಲ್ಲಿ ಏನು ಅನುಭವಿಸಿರಬಹುದು ಅಂತ ನನಗೆ ಸಾಸಿವೆಯಷ್ಟು ಗೊತ್ತು.

ಹಾಕಿಭಕ್ತ:
ಸರಿ ಸರಿ, ಪೆನಾಲ್ಟಿ ಶೂಟೌಟ್‌ನ ಐದನೆಯವನ ಹಾಗೆ.

ಮೂಲೆಲೆಂಗ್ತ್:
ಹೌದು. ಒಂದು ಗಂಟೆ ನಡೆಯುವ ಶೂಟೌಟ್.

ಗೋಡೆಚೆಂಡು:
ಹಳೇ ರಾಕೆಟ್ ಸರ್, ನೀವು ವಿಶ್ವ ತಂಡ ಚಾಂಪಿಯನ್‌ಷಿಪ್ ಅಂದಿರಿ. ಅದರ ಬಗ್ಗೆ ಸ್ವಲ್ಪ ಹೇಳಿ. ನನಗೆ ಏಷ್ಯನ್ ಗೇಮ್ಸ್ ಬಿಟ್ಟು ಏನೂ ಗೊತ್ತಿಲ್ಲ.

ಹಳೇ ರಾಕೆಟ್:
1967ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರು. ಅಂತರರಾಷ್ಟ್ರೀಯ ಫೆಡರೇಷನ್ ಹುಟ್ಟಿದ್ದೂ ಅದೇ ವರ್ಷ. ಎರಡು ವರ್ಷಕ್ಕೊಮ್ಮೆ ಅಂತ ಲೆಕ್ಕ, ನಡುನಡುವೆ ಲೆಕ್ಕ ತಪ್ಪಿದೆ. ಮೊದಲ ನಾಲ್ಕು ಸಲ ಆಸ್ಟ್ರೇಲಿಯಾವೇ. 1976 ಮತ್ತು 1979ರಲ್ಲಿ ಗ್ರೇಟ್ ಬ್ರಿಟನ್, ಮಧ್ಯೆ 1977ರಲ್ಲಿ ಕೆನಡಾದಲ್ಲಿ ಪಾಕಿಸ್ತಾನ. ಆಮೇಲೆ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಬೇರೆ ಬೇರೆ ತಂಡಗಳಾದವು. ಅದರಿಂದ ಒಂದು ಚಂದದ ಪ್ರಸಂಗ ನಡೆಯಿತು. 1999ರಲ್ಲಿ ಕೈರೋದಲ್ಲಿ ಪುಟ್ಟ ವೇಲ್ಸ್ ಫೈನಲ್‌ವರೆಗೂ ಬಂತು. ಡೇವಿಡ್ ಇವಾನ್ಸ್, ಅಲೆಕ್ಸ್ ಗಫ್ ಇದ್ದ ತಂಡ. ತವರು ಜನರೆದುರು ಈಜಿಪ್ಟ್ ಗೆದ್ದು ಮೊದಲ ಸಲ ವಿಶ್ವ ಚಾಂಪಿಯನ್ ಆಯಿತು.

ಆ ಗೆಲುವು ಆಕಾಶದಿಂದ ಉದುರಿದ್ದಲ್ಲ. 1996ರಲ್ಲಿ ಗೀಜಾದ ಪಿರಮಿಡ್‌ಗಳ ಮುಂದೆ ಗಾಜಿನ ಕೋರ್ಟ್ ನಿಲ್ಲಿಸಿ ಟೂರ್ನಿ ಆಡಿಸಿದರು, ಅಹ್ಮದ್ ಬರಾದಾ ಎಂಬ ಹುಡುಗ ಫೈನಲ್‌ಗೆ ಬಂದ. ಊರ ಮಕ್ಕಳೆಲ್ಲ ರಾಕೆಟ್ ಹಿಡಿದರು. ಕೈರೋ, ಅಲೆಕ್ಸಾಂಡ್ರಿಯಾ ಎರಡೇ ಊರಿನ ಕ್ಲಬ್‌ಗಳಲ್ಲಿ ಇಡೀ ದೇಶದ ಆಟಗಾರರು. ಹತ್ತು ವರ್ಷದ ಹುಡುಗ ಪಕ್ಕದ ಕೋರ್ಟ್‌ನಲ್ಲಿ ವಿಶ್ವ ಚಾಂಪಿಯನ್ ಅಭ್ಯಾಸ ಮಾಡುವುದನ್ನು ದಿನಾ ನೋಡುತ್ತಾನೆ. ಇದಕ್ಕಿಂತ ದೊಡ್ಡ ಅಕಾಡೆಮಿ ಬೇಕಾ? 2009ರಿಂದ ಲೆಕ್ಕ ಹಾಕಿ: 2009, 2011, 2017, 2019, 2023, 2024, ಎಲ್ಲ ಈಜಿಪ್ಟ್. ನಡುವೆ 2013ರಲ್ಲಿ ಫ್ರಾನ್ಸ್‌ನ ಮುಲೂಸ್‌ನಲ್ಲಿ ಮಾತ್ರ ಇಂಗ್ಲೆಂಡ್ ಅವರನ್ನು 2-1ರಲ್ಲಿ ಬೀಳಿಸಿತು.

ಮೂಲೆಲೆಂಗ್ತ್:
ಇಲ್ಲಿ ನಿಮ್ಮ ವಾದಕ್ಕೆ ನಾನೇ ಬಲ ಕೊಡುತ್ತೇನೆ ಸರ್. ಈಜಿಪ್ಟ್‌ನ ನಾಲ್ಕನೆಯವನು ಬೇರೆ ದೇಶದಲ್ಲಿ ಹುಟ್ಟಿದ್ದರೆ ಅಲ್ಲಿ ಒಂದನೆಯವನಾಗುತ್ತಿದ್ದ.

ಹಾಕಿಭಕ್ತ:
ಹುಟ್ಟಬೇಕಾಗಿಲ್ಲ ಅಂತ ಕೇಳಿದೆ, ದೇಶ ಬದಲಿಸಿದರೂ ನಡೆಯುತ್ತದಂತೆ. ಆ ಅಣ್ಣ ತಮ್ಮ ಇಬ್ಬರ ಕಥೆ ಏನು?

ಗೋಡೆಚೆಂಡು:
ಯಾರು?

ಮೂಲೆಲೆಂಗ್ತ್:
ಎಲ್‌ಶೋರ್ಬಾಗಿ ಸೋದರರು. ಅಲೆಕ್ಸಾಂಡ್ರಿಯಾದವರು. ಅಣ್ಣ ಮೊಹಮದ್ ವಿಶ್ವದ ನಂಬರ್ ಒಂದಾಗಿದ್ದವರು, 2017ರಲ್ಲಿ ವರ್ಲ್ಡ್ ಚಾಂಪಿಯನ್. 2022ರಲ್ಲಿ ಇನ್ನು ಮುಂದೆ ಇಂಗ್ಲೆಂಡ್ ಪರ ಆಡುತ್ತೇನೆ ಅಂದರು. ಮಾರನೇ ವರ್ಷ ತಮ್ಮ ಮಾರ್ವಾನ್ ಕೂಡ ಹಿಂದೆಯೇ ಹೋದರು. ನನಗೆ ಇದು ಸರಿ ಕಾಣುವುದಿಲ್ಲ. ಒಂಟಿ ಟೂರ್ನಿಯಲ್ಲಿ ಯಾವ ಬಾವುಟ ಹಾಕಿಕೊಂಡರೇನು, ಅದು ಅವರ ಹೊಟ್ಟೆಪಾಡು. ಆದರೆ ತಂಡದ ಟೂರ್ನಿಯ ಅರ್ಥವೇ ಆ ನೆಲದಲ್ಲಿ ಎಷ್ಟು ಆಟಗಾರರು ಬೆಳೆದರು ಅನ್ನುವುದಲ್ಲವಾ? ಒಬ್ಬರು ಬೆಳೆಸಿದ್ದನ್ನು ಇನ್ನೊಬ್ಬರು ಕೊಯ್ಲು ಮಾಡಿದ ಹಾಗಾಯಿತು.

ಲೆಟ್ ಪ್ಲೀಸ್:
ನೆಲದ ಮಾತು ಬಂದರೆ ನೆಲವನ್ನೂ ಸರಿಯಾಗಿ ಅಳೆಯಬೇಕು. ಮೊಹಮದ್ ಹದಿಹರೆಯದಲ್ಲೇ ಇಂಗ್ಲೆಂಡಿನ ಶಾಲೆ ಸೇರಿದವರು. ಅಲ್ಲಿ ಅವರನ್ನು ತಿದ್ದಿದ್ದು ಜೋನಾ ಬ್ಯಾರಿಂಗ್ಟನ್. ಆರು ಸಲ ಬ್ರಿಟಿಷ್ ಓಪನ್ ಗೆದ್ದ ಆ ಬ್ಯಾರಿಂಗ್ಟನ್ ಅವರೇ. ಬಿತ್ತಿದವರು ಯಾರು, ನೀರು ಹಾಕಿದವರು ಯಾರು ಅಂತ ಅಷ್ಟು ಸುಲಭಕ್ಕೆ ಗೆರೆ ಎಳೆಯಲಾಗುವುದಿಲ್ಲ.

ಹಳೇ ರಾಕೆಟ್:
ಮೇಡಂ ಮಾತು ನಿಜ, ಆದರೂ ನನ್ನ ಮನಸ್ಸು ಮೂಲೆಲೆಂಗ್ತ್ ಕಡೆಗೇ. ತಮಾಷೆ ಏನೆಂದರೆ 2023ರಲ್ಲಿ ನ್ಯೂಜಿಲೆಂಡ್‌ನ ತೌರಂಗಾದಲ್ಲಿ ಫೈನಲ್, ಮುಂದಿನ ವರ್ಷ ಹಾಂಗ್‌ಕಾಂಗ್‌ನಲ್ಲಿ ಫೈನಲ್, ಎರಡರಲ್ಲೂ ಈಜಿಪ್ಟ್ ಎದುರು ಇಂಗ್ಲೆಂಡ್. ಎರಡನ್ನೂ ಈಜಿಪ್ಟ್ ಗೆದ್ದಿತು. ಇಬ್ಬರನ್ನು ಕಳೆದುಕೊಂಡೂ ಮೂವರು ಉಳಿದಿದ್ದರು. ನನ್ನ ಮೂರನೆಯವನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗುವುದಿಲ್ಲ.

ಮೂಲೆಲೆಂಗ್ತ್:
ಎಲ್ಲಿಂದ ಹೊರಟರೂ ನಿಮ್ಮ ಮೂರನೆಯವನ ಮನೆಗೇ ಬಂದು ಮುಟ್ಟುತ್ತೀರಲ್ಲ ಸರ್! 2014ರ ಇಂಚಿಯಾನ್ ನೆನಪಿದೆಯಾ? ಏಷ್ಯನ್ ಗೇಮ್ಸ್‌ ಸ್ಕ್ವಾಷ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನ. ಮಲೇಷ್ಯಾ ವಿರುದ್ಧ 2-0. ಮೂರನೇ ಪಂದ್ಯ ಬೇಕಾಗಲೇ ಇಲ್ಲ!

ಹಳೇ ರಾಕೆಟ್:
ನೆನಪಿಲ್ಲದೆ ಏನು. ಆದರೆ ಅದನ್ನು ತಾರೆಯ ಲೆಕ್ಕಕ್ಕೆ ಬರೆಯಬೇಡ ತಮ್ಮಾ. ಮೊದಲು ಇಳಿದಿದ್ದು ಹರಿಂದರ್ ಪಾಲ್ ಸಂಧು. ಎದುರಿಗಿದ್ದ ಅಜ್ಲಾನ್ ಇಸ್ಕಂದರ್ ಒಂದು ಕಾಲಕ್ಕೆ ವಿಶ್ವದ ಮೊದಲ ಹತ್ತರಲ್ಲಿದ್ದವರು. ಸಂಧು ಅವರನ್ನು ಸೋಲಿಸಿದ್ದರಿಂದಲೇ ಘೋಷಾಲ್ ನಿರಾಳವಾಗಿ ಕೋರ್ಟ್ ಹೊಕ್ಕಿದ್ದು. ನಿರಾಳ ಅಂದರೂ ಓಂಗ್ ಬೆಂಗ್ ಹೀ ಅವರನ್ನು ಮಣಿಸಲು ಐದು ಗೇಮ್ ಬೇಕಾಯಿತು.

ಅದಕ್ಕೆ ಕೆಲವೇ ದಿನ ಮೊದಲು ಇದೇ ಘೋಷಾಲ್ ಒಂಟಿ ಫೈನಲ್‌ನಲ್ಲಿ ಕುವೈತ್‌ನ ಅಬ್ದುಲ್ಲಾ ಅಲ್ ಮುಜಯೆನ್ ಎದುರು ಎರಡು ಗೇಮ್ ಮುಂದಿದ್ದು ಸೋತಿದ್ದರು. ಕೈಗೆ ಬಂದ ಚಿನ್ನ ಜಾರಿತ್ತು. ಆ ಗಾಯ ಹಸಿಯಾಗಿರುವಾಗಲೇ ಮತ್ತೊಂದು ಫೈನಲ್, ಮತ್ತೆ ಐದನೇ ಗೇಮ್. ಅವತ್ತು 'ಸಂಧು ಗೆದ್ದಾಗಿದೆ' ಅನ್ನುವ ಒಂದು ಆಸರೆ ಬೆನ್ನಿಗಿರದಿದ್ದರೆ ಏನಾಗುತ್ತಿತ್ತೋ. ಹಾಕಿಭಕ್ತರು 'ಇದು ತಂಡವಾ' ಅಂದರಲ್ಲ, ನನ್ನ ಪ್ರಕಾರ ತಂಡ ಅಂದರೆ ಇದು.

ಹಾಕಿಭಕ್ತ:
ಒಪ್ಪಿಕೊಳ್ಳುವ ಹಾಗೆ ಮಾಡುತ್ತಿದ್ದೀರಿ. ಇನ್ನೊಂದು ಪ್ರಶ್ನೆ: ಹಾಂಗ್‌ಝೌನಲ್ಲಿ ಭಾರತ ಗುಂಪು ಹಂತದಲ್ಲಿ ಪಾಕಿಸ್ತಾನಕ್ಕೆ ಸೋತಿತ್ತಲ್ಲ? ಮತ್ತೆ ಫೈನಲ್‌ನಲ್ಲಿ ಅವರೇ. ಮೂರೇ ದಿನದಲ್ಲಿ ಏನು ಬದಲಾಯಿತು?

ಲೆಟ್ ಪ್ಲೀಸ್:
1-2ರಲ್ಲಿ ಸೋತಿತ್ತು, ಹೌದು. ಎರಡೂ ತಂಡ ಸೆಮಿಫೈನಲ್ ದಾಟಿ ಮತ್ತೆ ಎದುರಾದವು, ನಮ್ಮವರು ಮಲೇಷ್ಯಾವನ್ನು 2-0 ಸೋಲಿಸಿ ಬಂದಿದ್ದರು. ಸೆಮಿಫೈನಲ್‌ನಲ್ಲಿ 2-0 ಆಗುವುದರ ಇನ್ನೊಂದು ಲಾಭ ಮರೆಯಬೇಡಿ. ಮೂರನೇ ಪಂದ್ಯ ಆಡಬೇಕಾದವನಿಗೆ ವಿಶ್ರಾಂತಿ. ಈ ಆಟದಲ್ಲಿ ಒಂದು ಐದು ಗೇಮ್ ಪಂದ್ಯ ಮುಗಿಸಿದರೆ ಮಾರನೇ ದಿನ ಮೆಟ್ಟಿಲಿಳಿಯುವುದೂ ಕಷ್ಟ. ಪ್ರತಿ ರ್‍ಯಾಲಿಯಲ್ಲೂ ಮುಂದಿನ ಮೂಲೆಗೆ ಬಾಗಿ, ಹಿಂದಿನ ಮೂಲೆಗೆ ಓಡಿ, ಪ್ರತಿ ಸಲ ಮಧ್ಯದ 'ಟಿ' ಗುರುತಿಗೆ ವಾಪಸ್. ಕೋರ್ಟ್ 9.75 ಮೀಟರ್ ಉದ್ದ, 6.4 ಮೀಟರ್ ಅಗಲ, ಅಷ್ಟೇ. ಅಷ್ಟರಲ್ಲೇ ಜೀವ ಬಾಯಿಗೆ ಬರುತ್ತದೆ.

ಹಳೇ ರಾಕೆಟ್:
ಈಗಿನವರು ಪುಣ್ಯವಂತರು ಮೇಡಂ. ನಮ್ಮ ಕಾಲದಲ್ಲಿ 9 ಪಾಯಿಂಟ್‌ನ ಗೇಮ್, ಸರ್ವ್ ಮಾಡಿದವನಿಗೆ ಮಾತ್ರ ಪಾಯಿಂಟ್. ಸರ್ವ್ ಇತ್ತಿಂದತ್ತ ಅತ್ತಿಂದಿತ್ತ, ಬೋರ್ಡ್ ಅಲ್ಲೇ. 1983ರಲ್ಲಿ ಜಹಾಂಗೀರ್ ಮತ್ತು ಈಜಿಪ್ಟ್‌ನ ಗಮಾಲ್ ಅವದ್ ಆಡಿದ ಪಂದ್ಯ ಎರಡೂಮುಕ್ಕಾಲು ಗಂಟೆ ನಡೆಯಿತು. ಬರೀ ಮೊದಲ ಗೇಮೇ ಒಂದು ಗಂಟೆ ದಾಟಿತ್ತು, ಅದನ್ನು ಅವದ್ ಗೆದ್ದರು, ಪಂದ್ಯ ಜಹಾಂಗೀರ್ ಗೆದ್ದರು. ತಂಡದ ಟೈನಲ್ಲಿ ಅಂಥ ಮೂರು ಪಂದ್ಯ ಬಿದ್ದರೆ ರಾತ್ರಿ ಊಟ ಕೋರ್ಟ್ ಬಳಿಯೇ.

ಮೂಲೆಲೆಂಗ್ತ್:
ಆದರೆ ಹಳೇ ಪದ್ಧತಿಯಲ್ಲಿ ಅಭಯ್ ಥರ ವಾಪಸ್ ಬರುವುದು ಸುಲಭವಿತ್ತು ಅನ್ನುತ್ತಾರೆ ಕೆಲವರು. ಹಿಂದೆ ಬಿದ್ದವನು ಸರ್ವ್ ಕಸಿದುಕೊಂಡರೆ ಎದುರಿನವನಿಗೆ ಪಾಯಿಂಟ್ ಬರುವುದೇ ನಿಂತುಹೋಗುತ್ತಿತ್ತು. ಈಗ ಪ್ರತಿ ರ್‍ಯಾಲಿಗೂ ಪಾಯಿಂಟ್. 8-10 ಅಂದರೆ ಒಂದೇ ಒಂದು ತಪ್ಪು, ಒಂದು ಟಿನ್, ಒಂದು ಸ್ಟ್ರೋಕ್, ಮುಗಿಯಿತು.

ಗೋಡೆಚೆಂಡು:
ಸ್ಟ್ರೋಕ್ ಅಂದಾಗ ನೆನಪಾಯಿತು. ಲೆಟ್ ಯಾವಾಗ, ಸ್ಟ್ರೋಕ್ ಯಾವಾಗ? ನೋಡುವಾಗ ನನಗೆ ಒಂದೂ ತಿಳಿಯಲಿಲ್ಲ.

ಲೆಟ್ ಪ್ಲೀಸ್:
ಎದುರಾಳಿ ಅಡ್ಡ ಬಂದದ್ದರಿಂದ ಹೊಡೆಯಲಾಗಲಿಲ್ಲ, ಆದರೆ ಅವನು ಜಾಗ ಬಿಡಲು ಪ್ರಾಮಾಣಿಕವಾಗಿ ಪ್ರಯತ್ನಿಸಿದ್ದ, ನಿಮಗೂ ಒಳ್ಳೆಯ ಹೊಡೆತ ಸಾಧ್ಯವಿತ್ತು: ಲೆಟ್, ರ್‍ಯಾಲಿ ಮತ್ತೆ ಆಡಿ. ಅವನು ಜಾಗ ಬಿಡುವ ಪ್ರಯತ್ನವನ್ನೇ ಮಾಡಲಿಲ್ಲ, ಅಥವಾ ನೀವು ಗೆಲ್ಲುವ ಹೊಡೆತವನ್ನೇ ತಡೆದ: ಸ್ಟ್ರೋಕ್, ಪಾಯಿಂಟ್ ನಿಮ್ಮದು. ನಿಮಗೆ ಚೆಂಡು ಸಿಗುತ್ತಲೇ ಇರಲಿಲ್ಲ, ಸುಮ್ಮನೆ ಅವನಿಗೆ ತಾಗಿಕೊಂಡು ಕೈ ಎತ್ತಿದಿರಿ: ನೋ ಲೆಟ್. ಹೇಳಲು ಸುಲಭ. ತಂಡ ಪಂದ್ಯದಲ್ಲಿ ಗಾಜಿನಾಚೆ ಎರಡು ಬೆಂಚು ಎದ್ದು ನಿಂತು ಕೂಗುವಾಗ ಹೇಳುವುದು ಬೇರೆ ವಿಷಯ.

ಗೋಡೆಚೆಂಡು:
ಇಷ್ಟೆಲ್ಲ ಇರುವ ತಂಡ ಸ್ಪರ್ಧೆ ಒಲಿಂಪಿಕ್ಸ್‌ನಲ್ಲೂ ಇರುತ್ತದಾ? 2028ರಲ್ಲಿ ಸ್ಕ್ವಾಷ್ ಬರುತ್ತಿದೆಯಲ್ಲ.

ಮೂಲೆಲೆಂಗ್ತ್:
ಇಲ್ಲ. ಲಾಸ್ ಏಂಜಲೀಸ್‌ನಲ್ಲಿ ಪುರುಷರ ಸಿಂಗಲ್ಸ್, ಮಹಿಳೆಯರ ಸಿಂಗಲ್ಸ್ ಅಷ್ಟೇ. ದಶಕಗಟ್ಟಲೆ ಬಾಗಿಲು ಬಡಿದ ಆಟವನ್ನು 2023ರ ಅಕ್ಟೋಬರ್‌ನಲ್ಲಿ ಮುಂಬೈ ಸಭೆಯಲ್ಲಿ ಒಳಗೆ ಬಿಟ್ಟರು, ತಂಡವನ್ನು ಹೊರಗೇ ನಿಲ್ಲಿಸಿದರು. ಕಾಮನ್‌ವೆಲ್ತ್ ಗೇಮ್ಸ್‌ನಲ್ಲೂ 2022ರವರೆಗೆ ಸಿಂಗಲ್ಸ್, ಡಬಲ್ಸ್ ಇದ್ದವು, ತಂಡ ಇರಲಿಲ್ಲ.

ಹಳೇ ರಾಕೆಟ್:
ನನ್ನ ಭಯ ಇರುವುದೇ ಅಲ್ಲಿ. ಇನ್ನು ಮುಂದೆ ದೇಶಗಳ ದುಡ್ಡೆಲ್ಲ ಒಲಿಂಪಿಕ್ಸ್‌ಗೆ ಹೋಗಬಲ್ಲ ಒಬ್ಬಿಬ್ಬರ ಮೇಲೆ ಸುರಿಯುತ್ತದೆ. ಮೂರನೆಯವನನ್ನೂ ನಾಲ್ಕನೆಯವನನ್ನೂ ಯಾರು ಸಾಕುತ್ತಾರೆ? ಮೊದಲೇ ವಿಶ್ವ ತಂಡ ಚಾಂಪಿಯನ್‌ಷಿಪ್ ಗಟ್ಟಿ ಕಾಲಿನ ಮೇಲೆ ನಿಂತಿಲ್ಲ. 2015ರಲ್ಲಿ ಕೈರೋದಲ್ಲಿ ಆಗಬೇಕಿದ್ದದ್ದು ಭದ್ರತೆಯ ಕಾರಣಕ್ಕೆ ನಿಂತುಹೋಯಿತು. 2021ರಲ್ಲಿ ಕ್ವಾಲಾಲಂಪುರದ್ದು ಕೋವಿಡ್ ಮತ್ತು ಇಸ್ರೇಲ್ ಆಟಗಾರರ ವೀಸಾ ತಕರಾರಿನ ನಡುವೆ ರದ್ದಾಯಿತು.

ಲೆಟ್ ಪ್ಲೀಸ್:
ಅಷ್ಟು ನಿರಾಶೆ ಬೇಡ ಸರ್. ಆಟಗಾರರು ತಂಡ ಪಂದ್ಯಕ್ಕೆ ಬರುವುದು ದುಡ್ಡಿಗಲ್ಲ. ಘೋಷಾಲ್ ವಿಶ್ವದ ಮೊದಲ ಹತ್ತರೊಳಗೆ ಬಂದ ಮೊದಲ ಭಾರತೀಯ ಪುರುಷ. 2024ರಲ್ಲಿ ನಿವೃತ್ತಿ ಹೇಳುವವರೆಗೂ ಭಾರತದ ತಂಡಕ್ಕೆ ಕರೆದಾಗಲೆಲ್ಲ ಬಂದರು. 2022ರಲ್ಲಿ ದಕ್ಷಿಣ ಕೊರಿಯಾದ ಚಿಯೊಂಗ್‌ಜುವಿನಲ್ಲಿ ಏಷ್ಯನ್ ಟೀಮ್ ಚಾಂಪಿಯನ್‌ಷಿಪ್‌ ಅನ್ನು ಭಾರತದ ಪುರುಷರು ಮೊದಲ ಸಲ ಗೆದ್ದಾಗಲೂ ಇದ್ದರು.

ಮೂಲೆಲೆಂಗ್ತ್:
ಘೋಷಾಲ್ ಹೋದ ಮೇಲೆ ಒಂದನೆಯವನ ಜಾಗಕ್ಕೆ ಅಭಯ್ ಬಂದಿದ್ದಾನೆ. ಈಗ ಹೇಳಿ ಸರ್, ನಮ್ಮ ಮೂರನೆಯವನು ಯಾರು?

ಹಳೇ ರಾಕೆಟ್:
ಎಲ್ಲೋ ಕೋರ್ಟ್ ಖಾಲಿಯಾಗಲಿ ಅಂತ ಕಾಯುತ್ತಾ ಕೂತಿರುವ ಹುಡುಗ.

ಹಾಕಿಭಕ್ತ:
ಸರಿ ಗುರು, ನಿಮ್ಮ ಕಾಟಕ್ಕೆ ಆ ಐದನೇ ಗೇಮ್ ನೋಡಿದೆ. ಫಲಿತಾಂಶ ಗೊತ್ತಿದ್ದೂ 8-10 ಆದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ. 10-10 ಆದ ಮೇಲೆ ಎರಡು ಪಾಯಿಂಟ್ ಅಂತರ ಬೇಕು ಅಂತ ನನಗೆ ಗೊತ್ತಿರಲಿಲ್ಲ, 11-10ಕ್ಕೇ ಕುಣಿದುಬಿಟ್ಟೆ. ಮನೆಯವರು ಹಾಕಿ ಅಂದುಕೊಂಡರು. ನಾನೂ ತಿದ್ದಲಿಲ್ಲ.